ಹೊಟ್ಟೆಯ ಅಯೋರ್ಟಾ ಊದಿಕೊಂಡರೆ ಸ್ಟೆಮ್ ಸೆಲ್ ಏನು ಮಾಡಬಲ್ಲದು?

ಕಿಡ್ನಿ ಕಲ್ಲಿಗೋ ಪ್ರಾಸ್ಟೇಟ್ ತೊಂದರೆಗೋ ಅಂತ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿರುತ್ತಾರೆ. ರಿಪೋರ್ಟಿನ ಕೊನೆಯಲ್ಲಿ ಯಾರೂ ನಿರೀಕ್ಷಿಸದ ಒಂದು ಸಾಲು ಇರುತ್ತದೆ: ಅಬ್ಡಾಮಿನಲ್ ಅಯೋರ್ಟಿಕ್ ಅನ್ಯೂರಿಸಂ, 4.1 ಸೆಂ.ಮೀ. ಅಂದರೆ ಹೊಟ್ಟೆಯ ದೊಡ್ಡ ರಕ್ತನಾಳ ಊದಿಕೊಂಡಿದೆ ಅಂತ. ಡಾಕ್ಟರು ನೋಡಿ, "ಈಗ ಏನೂ ಮಾಡೋದು ಬೇಡ, ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ" ಅನ್ನುತ್ತಾರೆ. ಮನೆಗೆ ಬಂದ ಮೇಲೆ ಮಗನೋ ಮಗಳೋ ಮೊಬೈಲಿನಲ್ಲಿ ಹುಡುಕುತ್ತಾರೆ. ಒಡೆದರೆ ಪ್ರಾಣಕ್ಕೇ ಅಪಾಯ ಅಂತ ಒಂದು ಕಡೆ ಇರುತ್ತದೆ. ಆಪರೇಷನ್ ಇಲ್ಲದೆ ಸ್ಟೆಮ್ ಸೆಲ್ ಇಂಜೆಕ್ಷನ್ನಿನಿಂದಲೇ ವಾಸಿ ಅಂತ ಇನ್ನೊಂದು ಕಡೆ ಇರುತ್ತದೆ. ನಿದ್ದೆ ಹಾರಿಹೋಗಲು ಇಷ್ಟು ಸಾಕು, ಅಲ್ವಾ?

ಮೊದಲನೆಯ ಮಾತು ನಿಜ, ಆದರೆ ಯಾವಾಗ ಒಡೆಯುತ್ತದೆ ಅನ್ನುವುದಕ್ಕೆ ಲೆಕ್ಕಾಚಾರ ಇದೆ. ಎರಡನೆಯದು ಇವತ್ತಿನ ಮಟ್ಟಿಗೆ ನಿಜವಲ್ಲ. ಹಾಗಂತ ಸುಮ್ನೆ ಹಬ್ಬಿಸಿದ ಗಾಳಿಮಾತೂ ಅಲ್ಲ. ಅದರ ಹಿಂದೆ ಗಂಭೀರವಾದ ಸಂಶೋಧನೆ ನಡೆದಿದೆ. ಅದು ಏನು, ಎಲ್ಲಿಗೆ ಬಂದಿದೆ ಅಂತ ತಿಳಿಯಲು ರಕ್ತನಾಳದಿಂದಲೇ ಶುರು ಮಾಡಬೇಕು.

ಊದುವುದು ಯಾವುದು?

ಅಯೋರ್ಟಾ ಅಂದರೆ ಹೃದಯದಿಂದ ಹೊರಡುವ, ದೇಹದ ಅತಿ ದೊಡ್ಡ ರಕ್ತನಾಳ. ಎದೆಯಲ್ಲಿ ಮೇಲೆ ಹೋಗಿ, ಬಾಗಿ, ಬೆನ್ನುಮೂಳೆಯ ಮುಂದೆ ಕೆಳಗಿಳಿಯುತ್ತದೆ. ಹೊಟ್ಟೆಯೊಳಗೆ ಲಿವರ್, ಕರುಳು, ಕಿಡ್ನಿಗಳಿಗೆ ಕವಲು ಕೊಟ್ಟು, ಸುಮಾರು ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕಾಲುಗಳ ಕಡೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ ಅನ್ನುತ್ತಾರೆ. ಹೆಚ್ಚಿನ ಊತ ಕಿಡ್ನಿಯ ಕವಲುಗಳಿಗಿಂತ ಕೆಳಗೆ, ಆ ಎರಡಾಗುವ ಜಾಗಕ್ಕಿಂತ ಮೇಲೆ ಬರುತ್ತದೆ.

ಸವೆದ ಸೈಕಲ್ ಟೈರ್ ನೋಡಿರುತ್ತೀರಿ. ಟೈರಿನ ಒಂದು ಕಡೆ ನೂಲು ಬಿಟ್ಟುಕೊಂಡರೆ ಅಲ್ಲೇ ಟ್ಯೂಬು ಗುಳ್ಳೆಯಂತೆ ಹೊರಗೆ ಬರುತ್ತದೆ. ಗಾಳಿ ಮೊದಲಿನಷ್ಟೇ ಇರುತ್ತದೆ, ಹಿಡಿದುಕೊಳ್ಳುವ ಗೋಡೆ ಮಾತ್ರ ಸೋತಿರುತ್ತದೆ. ಅಯೋರ್ಟಾದಲ್ಲೂ ಹೀಗೇ ಆಗುತ್ತದೆ. ಬಿ.ಪಿ. ಜಾಸ್ತಿ ಇದ್ದರೆ ಕಷ್ಟ ಹೆಚ್ಚುತ್ತದೆ ನಿಜ, ಆದರೆ ಮೂಲ ತೊಂದರೆ ಗೋಡೆಯದು. ಇನ್ನೊಂದು ವಿಷಯ ಇದೆ. ಕೊಳವೆ ಅಗಲವಾದಷ್ಟೂ ಅದೇ ಒತ್ತಡಕ್ಕೆ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಎಳೆತ ಹೆಚ್ಚಿದರೆ ಇನ್ನಷ್ಟು ಅಗಲವಾಗುತ್ತದೆ. ಒಮ್ಮೆ ಶುರುವಾದ ಊತ ತಾನಾಗಿ ಇಳಿಯುವುದು ಅಪರೂಪ ಅನ್ನುವುದಕ್ಕೆ ಇದೂ ಒಂದು ಕಾರಣ.

ಬಹಳ ಜನಕ್ಕೆ ಇದರಿಂದ ನೋವೂ ಇಲ್ಲ, ಸುಸ್ತೂ ಇಲ್ಲ. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಸಿಕ್ಕಿಬೀಳುವುದೇ ಹೆಚ್ಚು. 65 ದಾಟಿದ ಗಂಡಸರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದಿದವರಲ್ಲಿ ಜಾಸ್ತಿ. ಧೂಮಪಾನದಷ್ಟು ಬಲವಾದ ಕಾರಣ ಇದಕ್ಕೆ ಇನ್ನೊಂದಿಲ್ಲ. ತಂದೆಗೋ ಅಣ್ಣತಮ್ಮಂದಿರಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. ವಿಚಿತ್ರ ಅಂದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಊತ ಕಡಿಮೆ, ಬಂದರೂ ನಿಧಾನವಾಗಿ ಬೆಳೆಯುತ್ತದೆ. ಅವರು ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಮಾತ್ರೆಯ ಕೈವಾಡ ಇರಬಹುದೇ ಅಂತ ಪರೀಕ್ಷೆಗಳು ನಡೆದಿವೆ. ಹಾಗಂತ ಸಕ್ಕರೆ ಕಾಯಿಲೆ ಇಲ್ಲದವರು ಅದನ್ನು ತಾವೇ ಶುರು ಮಾಡಬಾರದು.

ಗೋಡೆಯೊಳಗೆ ಏನಾಗುತ್ತದೆ?

ಸ್ಟೆಮ್ ಸೆಲ್ ಕತೆ ಅರ್ಥವಾಗಬೇಕಾದರೆ ಈ ಭಾಗ ಮುಖ್ಯ. ಸ್ವಲ್ಪ ನಿಧಾನವಾಗಿ ಓದಿ.

ಅಯೋರ್ಟಾದ ಗೋಡೆಗೆ ಬಲ ಕೊಡುವುದು ಮುಖ್ಯವಾಗಿ ಎರಡು ಪ್ರೋಟೀನು. ಒಂದು ಎಲಾಸ್ಟಿನ್. ಪ್ರತಿ ಹೃದಯಬಡಿತಕ್ಕೂ ನಾಳ ಹಿಗ್ಗಿ ಮತ್ತೆ ಮೊದಲಿನಂತಾಗುವುದು ಇದರಿಂದ. ಇನ್ನೊಂದು ಕೊಲಾಜೆನ್. ಅದು ಹಿಗ್ಗುವುದಿಲ್ಲ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇವೆರಡನ್ನೂ ತಯಾರಿಸಿ ನೋಡಿಕೊಳ್ಳುವುದು ಗೋಡೆಯ ನಡುವಿನ ಪದರದಲ್ಲಿರುವ ಸ್ನಾಯುಕೋಶಗಳು.

ಅನ್ಯೂರಿಸಂ ಬಂದ ಕಡೆ ಗೋಡೆಯಲ್ಲಿ ಉರಿಯೂತ ಇರುತ್ತದೆ. ಅಂದರೆ ರೋಗನಿರೋಧಕ ಕೋಶಗಳು ಅಲ್ಲಿ ಬಂದು ಸೇರಿಕೊಂಡಿರುತ್ತವೆ. ಅವುಗಳಲ್ಲಿ ಮ್ಯಾಕ್ರೋಫೇಜ್ ಅನ್ನುವ ಕೋಶಗಳು ಪ್ರೋಟೀನನ್ನು ಕತ್ತರಿಸುವ ಕಿಣ್ವಗಳನ್ನು ಸುರಿಸುತ್ತವೆ. ಎಂಎಂಪಿ-9 ಅನ್ನುವ ಕಿಣ್ವದ ಹೆಸರು ಈ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇವು ಎಲಾಸ್ಟಿನ್ ನಾರುಗಳನ್ನು ತುಂಡರಿಸುತ್ತವೆ. ಆ ತುಂಡುಗಳೇ ಇನ್ನಷ್ಟು ರೋಗನಿರೋಧಕ ಕೋಶಗಳನ್ನು ಕರೆತರುತ್ತವೆ. ಇದರ ಜೊತೆಗೆ ಸ್ನಾಯುಕೋಶಗಳೂ ಒಂದೊಂದಾಗಿ ಸಾಯುತ್ತವೆ. ಅಂದರೆ ಗೋಡೆ ಒಡೆಯುವ ಕೆಲಸ ಜೋರಾಗಿ ನಡೆಯುತ್ತಿರುತ್ತದೆ, ಕಟ್ಟುವವರು ಮಾತ್ರ ಕಡಿಮೆಯಾಗುತ್ತಿರುತ್ತಾರೆ.

ದೊಡ್ಡ ತೊಡಕು ಇರುವುದು ಎಲಾಸ್ಟಿನ್‌ನಲ್ಲಿ. ನಮ್ಮ ದೇಹ ಇದನ್ನು ತಯಾರಿಸುವುದು ಹೆಚ್ಚಾಗಿ ತಾಯಿಯ ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ಆ ನಾರುಗಳು ಹತ್ತಾರು ವರ್ಷ ಬಾಳುತ್ತವೆ, ಆದ್ದರಿಂದ ಮತ್ತೆ ಮಾಡುವ ಅಗತ್ಯವೇ ಬೀಳುವುದಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಅವು ತುಂಡಾದರೆ, ಸರಿಯಾಗಿ ಜೋಡಿಸಿದ ಹೊಸ ನಾರು ಮಾಡುವ ಶಕ್ತಿ ಗೋಡೆಯ ಕೋಶಗಳಿಗೆ ಬಹುತೇಕ ಇರುವುದಿಲ್ಲ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಅಯೋರ್ಟಾ ಆ ರೀತಿ ಮಾಯುವುದಿಲ್ಲ.

ಡಾಕ್ಟರು ಯಾಕೆ ಕಾಯಲು ಹೇಳುತ್ತಾರೆ?

"ಇರುವುದು ಗೊತ್ತಾಯಿತು, ಹಾಗಾದರೆ ತೆಗೆದುಬಿಡಿ" ಅನ್ನಿಸುವುದು ಸಹಜ. ಇದನ್ನು ಸರಿಯಾಗಿ ಪರೀಕ್ಷಿಸಿ ನೋಡಿದ್ದಾರೆ. ಬ್ರಿಟನ್ನಿನಲ್ಲಿ 1,090 ಜನರ ಮೇಲೆ ನಡೆದ ಅಧ್ಯಯನ 1998ರಲ್ಲಿ, ಅಮೆರಿಕದಲ್ಲಿ 1,136 ಜನರ ಮೇಲೆ ನಡೆದದ್ದು 2002ರಲ್ಲಿ ಪ್ರಕಟವಾಯಿತು. ಎರಡರಲ್ಲೂ 4ರಿಂದ 5.5 ಸೆಂ.ಮೀ. ಊತ ಇದ್ದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಆಪರೇಷನ್, ಇನ್ನೊಂದು ಗುಂಪಿಗೆ ಬರೀ ಸ್ಕ್ಯಾನಿಂಗ್, ದೊಡ್ಡದಾದರೆ ಮಾತ್ರ ಆಪರೇಷನ್. ಬೇಗ ಆಪರೇಷನ್ ಮಾಡಿಸಿಕೊಂಡವರು ಜಾಸ್ತಿ ದಿನ ಬದುಕಲಿಲ್ಲ. ಈ ಗಾತ್ರದ ಊತ ಒಡೆಯುವ ಸಾಧ್ಯತೆ ವರ್ಷಕ್ಕೆ ಶೇಕಡಾ 1ರ ಆಸುಪಾಸು. ಆಪರೇಷನ್ನಿನ ಅಪಾಯ ಅದಕ್ಕಿಂತ ಕಡಿಮೆ ಏನಲ್ಲ.

ಹಾಗಾಗಿ ಗಂಡಸರಿಗೆ 5.5 ಸೆಂ.ಮೀ., ಹೆಂಗಸರಿಗೆ ಸುಮಾರು 5 ಸೆಂ.ಮೀ. ಅನ್ನುವ ಗೆರೆ ಬಂತು. ಅಷ್ಟರೊಳಗೆ ತುಂಬಾ ವೇಗವಾಗಿ ಬೆಳೆದರೆ ಅಥವಾ ನೋವು ಶುರುವಾದರೆ ಮೊದಲೇ ಯೋಚಿಸುತ್ತಾರೆ. ಚಿಕ್ಕ ಊತ ವರ್ಷಕ್ಕೆ ಸರಾಸರಿ 2ರಿಂದ 3 ಮಿ.ಮೀ. ಬೆಳೆಯುತ್ತದೆ. ಕೆಲವರದು ವರ್ಷಗಟ್ಟಲೆ ಅಲ್ಲಾಡುವುದೇ ಇಲ್ಲ. ಬ್ರಿಟನ್ನಿನ ಪದ್ಧತಿಯಲ್ಲಿ 3ರಿಂದ 4.4 ಸೆಂ.ಮೀ. ಇದ್ದರೆ ವರ್ಷಕ್ಕೊಮ್ಮೆ, 4.5ರಿಂದ 5.4 ಇದ್ದರೆ 3 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್. ಅಲ್ಲಿ 65 ತುಂಬಿದ ಗಂಡಸರಿಗೆಲ್ಲ ಒಂದು ಸಲ ಪುಕ್ಕಟೆ ಸ್ಕ್ಯಾನಿಂಗ್ ಕೂಡ ಇದೆ.

ಲೆಕ್ಕ ಹಾಕಿ ನೋಡಿ. 3.5ರಲ್ಲಿ ಪತ್ತೆಯಾದವರು 5.5 ಮುಟ್ಟಲು ಏಳರಿಂದ ಹತ್ತು ವರ್ಷ ಬೇಕಾಗಬಹುದು. ಅಷ್ಟೂ ಕಾಲ ಅವರಿಗೆ ಕೊಡಲು ಊತದ ಬೆಳವಣಿಗೆ ನಿಲ್ಲಿಸುವ ಒಂದೇ ಒಂದು ಮಾತ್ರೆಯೂ ಇಲ್ಲ. ಸ್ಟೆಮ್ ಸೆಲ್ ಸಂಶೋಧಕರು ಕಣ್ಣಿಟ್ಟಿರುವುದು ಈ ಖಾಲಿ ವರ್ಷಗಳ ಮೇಲೆ. ಜಾಹೀರಾತು ಓದಿದರೆ ಆಪರೇಷನ್ನಿಗೆ ಬದಲಿ ಅನ್ನಿಸುತ್ತದೆ, ಸಂಶೋಧಕರ ಗುರಿ ಅದಲ್ಲ. ಚಿಕ್ಕ ಊತ ಆಪರೇಷನ್ನಿನ ಗೆರೆ ಮುಟ್ಟದಂತೆ ತಡೆಯುವುದು ಅವರ ಗುರಿ.

ಆಪರೇಷನ್ ಅಂದರೆ ಏನು ಮಾಡುತ್ತಾರೆ?

ಎರಡು ದಾರಿ ಇದೆ. ಹಳೆಯದು ಹೊಟ್ಟೆ ತೆರೆದು, ಊದಿದ ಭಾಗದ ಜಾಗದಲ್ಲಿ ಪಾಲಿಯೆಸ್ಟರ್ ಬಟ್ಟೆಯ ಕೊಳವೆ ಹೊಲಿಯುವುದು. 1951ರಲ್ಲಿ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಡುಬೋಸ್ಟ್ ಅನ್ನುವ ಸರ್ಜನ್ ಸತ್ತ ವ್ಯಕ್ತಿಯ ರಕ್ತನಾಳ ತೆಗೆದು ಜೋಡಿಸಿದರು. ಬಟ್ಟೆಯ ಕೊಳವೆ ಆಮೇಲೆ ಬಂತು. ಹೊಸದು ತೊಡೆಸಂದಿಯ ರಕ್ತನಾಳದ ಮೂಲಕ ಮಡಿಸಿದ ಸ್ಟೆಂಟ್ ಗ್ರಾಫ್ಟ್ (ಲೋಹದ ಜಾಲರಿಯ ಆಸರೆ ಇರುವ ಬಟ್ಟೆಯ ಕೊಳವೆ) ತೂರಿಸಿ, ಊತದ ಒಳಗೆ ಬಿಚ್ಚಿ ಕೂರಿಸುವುದು. ಇದನ್ನು ಇವಾರ್ ಅನ್ನುತ್ತಾರೆ. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹ್ವಾನ್ ಪರೋಡಿ ಮತ್ತು ಜೊತೆಯವರು ಮಾಡಿ ತೋರಿಸಿದ ಮೇಲೆ ಇದು ಲೋಕಕ್ಕೆಲ್ಲ ಹರಡಿತು. ಬ್ರಿಟನ್ನಿನ ಒಂದು ದೊಡ್ಡ ಹೋಲಿಕೆಯಲ್ಲಿ ಮೊದಲ 30 ದಿನಗಳ ಸಾವು ಇವಾರ್‌ನಲ್ಲಿ ಶೇಕಡಾ 1.7, ತೆರೆದ ಆಪರೇಷನ್ನಿನಲ್ಲಿ ಶೇಕಡಾ 4.7. ಆದರೆ ವರ್ಷಗಳು ಕಳೆದಂತೆ ಆ ಲಾಭ ಕರಗಿತು. ಗ್ರಾಫ್ಟಿನ ಪಕ್ಕದಿಂದ ರಕ್ತ ಸೋರಬಹುದು, ಆದ್ದರಿಂದ ಜೀವನಪೂರ್ತಿ ಸ್ಕ್ಯಾನಿಂಗ್ ಬೇಕು.

ಇಲ್ಲೊಂದು ಹಳೆಯ ಕತೆ ಹೇಳಲೇಬೇಕು. ಆಲ್ಬರ್ಟ್ ಐನ್‌ಸ್ಟೈನ್‌ಗೂ ಇದೇ ಕಾಯಿಲೆ ಇತ್ತು. 1948ರಲ್ಲಿ ರುಡಾಲ್ಫ್ ನಿಸ್ಸೆನ್ ಅನ್ನುವ ಸರ್ಜನ್ ಊತದ ಸುತ್ತ ಸೆಲೋಫೇನ್ ಹಾಳೆ ಸುತ್ತಿದರು. ಹೌದು, ಪೊಟ್ಟಣ ಕಟ್ಟುವ ಅದೇ ತೆಳು ಹಾಳೆ. ಅದು ಸುತ್ತಲಿನ ಭಾಗವನ್ನು ಕೆರಳಿಸಿ, ಗಾಯ ಮಾಯ್ದ ಜಾಗದಂತೆ ಗಟ್ಟಿ ಮಾಡಲಿ ಅನ್ನುವುದು ಉದ್ದೇಶ. ಐನ್‌ಸ್ಟೈನ್ ಮತ್ತೆ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1955ರ ಏಪ್ರಿಲ್‌ನಲ್ಲಿ ಊತ ಒಡೆದಾಗ ಇನ್ನೊಂದು ಆಪರೇಷನ್ ಬೇಡ ಅಂದರು, 76ನೇ ವಯಸ್ಸಿನಲ್ಲಿ ತೀರಿಕೊಂಡರು. ಗೋಡೆಯನ್ನು ಬದಲಿಸುವ ಬದಲು ಇದ್ದ ಗೋಡೆಗೇ ಬಲ ಕೊಡೋಣ ಅನ್ನುವ ಆಸೆ ಅಷ್ಟು ಹಳೆಯದು.

ಸ್ಟೆಮ್ ಸೆಲ್ ಇಲ್ಲಿ ಏನು ಮಾಡಬೇಕು?

ಸ್ಟೆಮ್ ಸೆಲ್ ಅಂದರೆ ತನ್ನಂಥ ಇನ್ನಷ್ಟು ಕೋಶಗಳನ್ನೂ, ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಕೋಶ. ಹಲವು ಜಾತಿ ಇವೆ. ಬ್ಲಡ್ ಕ್ಯಾನ್ಸರಿಗೆ ಮೂಳೆಮಜ್ಜೆ ಕಸಿ ಮಾಡುತ್ತಾರಲ್ಲ, ಅಲ್ಲಿ ಬಳಸುವುದು ರಕ್ತ ಹುಟ್ಟಿಸುವ ಸ್ಟೆಮ್ ಸೆಲ್. ಅದು ದಶಕಗಳಿಂದ ಇರುವ, ಒಪ್ಪಿತವಾದ ಚಿಕಿತ್ಸೆ. ಅನ್ಯೂರಿಸಂ ವಿಷಯದಲ್ಲಿ ಮಾತು ಬರುವುದು ಮೆಸೆಂಕೈಮಲ್ ಅನ್ನುವ ಬೇರೆ ಜಾತಿಯದು. ಮೂಳೆಮಜ್ಜೆ, ಹೊಟ್ಟೆಯ ಕೊಬ್ಬು, ಹೆರಿಗೆಯ ಹೊತ್ತಿಗೆ ಎಸೆಯುವ ಹೊಕ್ಕುಳಬಳ್ಳಿ ಇವುಗಳಿಂದ ಇದನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಬಹುದು. ಬೇರೆಯವರ ಕೋಶವಾದರೂ ದೇಹ ಅಷ್ಟು ಜೋರಾಗಿ ಪ್ರತಿಭಟಿಸುವುದಿಲ್ಲ. ಆದ್ದರಿಂದ ಆರೋಗ್ಯವಂತ ದಾನಿಯ ಕೋಶಗಳನ್ನು ಮೊದಲೇ ಬೆಳೆಸಿ, ಶೀತಲೀಕರಿಸಿ ಇಟ್ಟುಕೊಳ್ಳಬಹುದು.

ಈ ಕೋಶಗಳು ಅಯೋರ್ಟಾಕ್ಕೆ ಹೋಗಿ, ಅಲ್ಲೇ ನೆಲೆಸಿ, ಹೊಸ ಗೋಡೆ ಕಟ್ಟುತ್ತವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಮೊದಲು ಸಂಶೋಧಕರಿಗೂ ಅದೇ ಆಸೆ ಇತ್ತು. ನಿಜದಲ್ಲಿ ನಡೆಯುವುದು ಬೇರೆ. ರಕ್ತನಾಳಕ್ಕೆ ಚುಚ್ಚಿದ ಕೋಶಗಳಲ್ಲಿ ಬಹುಪಾಲು ಮೊದಲು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಕೆಲವೇ ದಿನಗಳಲ್ಲಿ ಹೆಚ್ಚಿನವು ಇಲ್ಲವಾಗುತ್ತವೆ. ಆದರೂ ಪರಿಣಾಮ ಕಾಣುತ್ತದೆ. ಯಾಕೆಂದರೆ ಅವು ಬಗೆಬಗೆಯ ಪ್ರೋಟೀನುಗಳನ್ನೂ, ಎಕ್ಸೊಸೋಮ್ ಅನ್ನುವ ಅತಿ ಸಣ್ಣ ಚೀಲಗಳನ್ನೂ ಹೊರಗೆ ಬಿಡುತ್ತವೆ. ಇವು ರೋಗನಿರೋಧಕ ಕೋಶಗಳ ಅಬ್ಬರ ಇಳಿಸುತ್ತವೆ, ಉರಿಯೂತಕ್ಕೆ ಕಡಿವಾಣ ಹಾಕುವ ಟಿ ಕೋಶಗಳನ್ನು ಹೆಚ್ಚಿಸುತ್ತವೆ, ಎಂಎಂಪಿ-9ನಂಥ ಕಿಣ್ವಗಳನ್ನು ತಗ್ಗಿಸುತ್ತವೆ. ಈ ಕೋಶಕ್ಕೆ 1991ರಲ್ಲಿ ಹೆಸರಿಟ್ಟ ಅಮೆರಿಕದ ವಿಜ್ಞಾನಿ ಆರ್ನಲ್ಡ್ ಕ್ಯಾಪ್ಲನ್ ಅವರೇ, ಇದನ್ನು ಸ್ಟೆಮ್ ಸೆಲ್ ಅನ್ನುವುದನ್ನೇ ಬಿಡಬೇಕು ಅಂತ 2017ರಲ್ಲಿ ಬರೆದರು.

ಅಂದರೆ ಈ ಚಿಕಿತ್ಸೆಯಿಂದ ಸದ್ಯ ನಿರೀಕ್ಷಿಸುವುದು ಗೋಡೆ ಒಡೆಯುವ ಕೆಲಸ ನಿಲ್ಲಲಿ ಅಂತ. ಎಲಾಸ್ಟಿನ್ ಮತ್ತೆ ಹೆಣೆಯುವುದು ಇನ್ನೂ ಕಷ್ಟದ ಗುರಿ. ಸ್ಟೆಮ್ ಸೆಲ್‌ನಿಂದ ಸ್ನಾಯುಕೋಶ ಮಾಡಿ ಆ ದಿಕ್ಕಿನಲ್ಲಿ ಪ್ರಯತ್ನಿಸುವವರೂ ಇದ್ದಾರೆ, ಆದರೆ ಆ ಕೆಲಸ ಪ್ರಯೋಗಾಲಯದ ಹಂತದಲ್ಲಿದೆ.

ಇಲಿಯಲ್ಲಿ ಗೆದ್ದಿತು, ಮನುಷ್ಯರಲ್ಲಿ?

ಇಲಿಗಳಿಗೆ ಅನ್ಯೂರಿಸಂ ತಾನಾಗಿ ಬರುವುದು ಕಡಿಮೆ, ಬರಿಸಬೇಕು. ಅಯೋರ್ಟಾದೊಳಗೆ ಎಲಾಸ್ಟಿನ್ ಕರಗಿಸುವ ಕಿಣ್ವ ಹರಿಸುವುದು ಒಂದು ವಿಧಾನ. ಕೊಲೆಸ್ಟ್ರಾಲ್ ಏರುವಂತೆ ವಂಶವಾಹಿ ಬದಲಿಸಿದ ಇಲಿಗೆ ಆಂಜಿಯೋಟೆನ್ಸಿನ್ ಅನ್ನುವ ಹಾರ್ಮೋನು ಕೊಡುವುದು ಇನ್ನೊಂದು. ಜಪಾನಿನ ನಗೋಯಾ, ಅಮೆರಿಕದ ವರ್ಜೀನಿಯಾ ಸೇರಿದಂತೆ ಹಲವು ಕಡೆಯ ತಂಡಗಳು ಇಂಥ ಇಲಿಗಳಿಗೆ ಮೆಸೆಂಕೈಮಲ್ ಕೋಶ ಕೊಟ್ಟು ನೋಡಿದವು. ಊತ ಕಡಿಮೆ ಬೆಳೆಯಿತು, ಉರಿಯೂತ ಇಳಿಯಿತು, ಎಲಾಸ್ಟಿನ್ ಹೆಚ್ಚು ಉಳಿಯಿತು.

ಆಮೇಲೆ ಮನುಷ್ಯರ ಸರದಿ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅರೆಸ್ಟ್ ಅನ್ನುವ ಹೆಸರಿನ ಅಧ್ಯಯನ ರೂಪಿಸಿದರು. 3.5ರಿಂದ 4.5 ಸೆಂ.ಮೀ. ಊತ ಇರುವ 36 ಜನ, ಮೂರು ಗುಂಪು. ಒಂದು ಗುಂಪಿಗೆ ಔಷಧವಿಲ್ಲದ ದ್ರವ. ಇನ್ನೊಂದಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 10 ಲಕ್ಷ ಕೋಶ, ಮೂರನೆಯದಕ್ಕೆ 30 ಲಕ್ಷ ಕೋಶ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಇದು ಮೊದಲ ಹಂತದ ಪರೀಕ್ಷೆ. ಅಂದರೆ ಮುಖ್ಯವಾಗಿ ಸುರಕ್ಷತೆ, ಜೊತೆಗೆ ಗೋಡೆಯ ಉರಿಯೂತ ಇಳಿಯುತ್ತದೆಯೇ ಅಂತ ನೋಡುವುದು. 36 ಜನರ ಪರೀಕ್ಷೆಯಿಂದ "ಇದು ಒಡೆಯುವುದನ್ನು ತಡೆಯುತ್ತದೆ" ಅನ್ನಲು ಯಾವ ರೀತಿಯಲ್ಲೂ ಆಗುವುದಿಲ್ಲ. ವರ್ಷಕ್ಕೆ 2 ಮಿ.ಮೀ. ಬೆಳೆಯುವುದು 1 ಮಿ.ಮೀ.ಗೆ ಇಳಿಯಿತು ಅಂತ ಹೇಳಬೇಕಾದರೂ ನೂರಾರು ಜನ, ಕೆಲವು ವರ್ಷ ಬೇಕು. ಅಲ್ಟ್ರಾಸೌಂಡಿನ ಅಳತೆಯೇ ಒಂದೆರಡು ಮಿ.ಮೀ. ಆಚೀಚೆ ಆಗುತ್ತದೆ.

ಇಲಿಯ ಗೆಲುವನ್ನು ನಂಬಲು ಹಿಂದೇಟು ಯಾಕೆ ಅಂದರೆ ಡಾಕ್ಸಿಸೈಕ್ಲಿನ್ ನೆನಪಾಗುತ್ತದೆ. ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ ಆ್ಯಂಟಿಬಯೋಟಿಕ್. ಅದೂ ಎಂಎಂಪಿ ಕಿಣ್ವಗಳನ್ನು ತಡೆಯುತ್ತದೆ, ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಅಮೆರಿಕದಲ್ಲಿ 250ಕ್ಕೂ ಹೆಚ್ಚು ಜನಕ್ಕೆ ಎರಡು ವರ್ಷ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು: ಸುಳ್ಳು ಮಾತ್ರೆ ತಿಂದವರಿಗೂ ಇವರಿಗೂ ವ್ಯತ್ಯಾಸವೇ ಇಲ್ಲ. ಇಲಿಯ ಊತ ಕೆಲವು ವಾರಗಳದ್ದು, ನಮ್ಮದು ಹತ್ತಿಪ್ಪತ್ತು ವರ್ಷಗಳದ್ದು. ಇಲಿಗೆ ಎಷ್ಟೋ ಪ್ರಯೋಗಗಳಲ್ಲಿ ಊತ ಶುರುವಾಗುವಾಗಲೇ ಚಿಕಿತ್ಸೆ ಕೊಟ್ಟಿರುತ್ತಾರೆ. ನಮ್ಮಲ್ಲಿ ಅದು ಪತ್ತೆಯಾಗುವ ಹೊತ್ತಿಗೆ ಎಲಾಸ್ಟಿನ್ ಹೆಚ್ಚುಕಡಿಮೆ ಹೋಗಿರುತ್ತದೆ.

ನಮ್ಮ ದೇಶದಲ್ಲಿ ನಿಯಮ ಏನು?

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಂಥ ಒಪ್ಪಿತ ಪಟ್ಟಿಯಲ್ಲಿರುವುದಕ್ಕೆ ಮೂಳೆಮಜ್ಜೆ ಮೂಲದ, ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಕಸಿ ಮಾಡಬಹುದು. ಉಳಿದದ್ದೆಲ್ಲ ಅನುಮತಿ ಪಡೆದು ಮನುಷ್ಯರ ಮೇಲೆ ನಡೆಸುವ ಪರೀಕ್ಷೆಯಲ್ಲಿ, ಅಂದರೆ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಟ್ರಯಲ್ ಅಂದ ಮೇಲೆ ಭಾಗವಹಿಸುವವರಿಂದ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವ ಹಾಗಿಲ್ಲ. ಈ ಒಂದು ವಿಷಯ ಗೊತ್ತಿದ್ದರೆ ಎಷ್ಟೋ ಜಾಹೀರಾತುಗಳ ಬಣ್ಣ ಬಯಲಾಗುತ್ತದೆ.

ಹಾಗಾದರೆ ಮೆಸೆಂಕೈಮಲ್ ಕೋಶದ ಯಾವ ಔಷಧಕ್ಕೂ ಇಲ್ಲಿ ಅನುಮತಿ ಸಿಕ್ಕಿಲ್ಲವೇ? ಸಿಕ್ಕಿದೆ, ಅದೂ ಬೆಂಗಳೂರಿನ ಕಂಪನಿಗೆ. ಸ್ಟೆಂಪ್ಯೂಟಿಕ್ಸ್ ತಯಾರಿಸಿದ ಸ್ಟೆಂಪ್ಯೂಸೆಲ್‌ಗೆ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಅದು ಬರ್ಗರ್ ಕಾಯಿಲೆಯಿಂದ ಕಾಲಿಗೆ ರಕ್ತ ಹೋಗದೆ ಕಾಲೇ ಹೋಗುವ ಸ್ಥಿತಿಯಲ್ಲಿ ಇರುವವರಿಗೆ. ಬರ್ಗರ್ ಕೂಡ ತಂಬಾಕಿನ ಕಾಯಿಲೆಯೇ. ಆದರೆ ಇದನ್ನು ನೋಡಿ "ರಕ್ತನಾಳಕ್ಕೆ ಸ್ಟೆಮ್ ಸೆಲ್ ಒಪ್ಪಿಗೆ ಇದೆಯಲ್ಲ" ಅನ್ನುವಂತಿಲ್ಲ. ಅಲ್ಲಿ ಬೇಕಿರುವುದು ಕಟ್ಟಿಕೊಂಡ ಸಣ್ಣ ನಾಳಗಳ ಸುತ್ತ ಹೊಸ ನಾಳ ಮೂಡುವುದು. ಅಯೋರ್ಟಾದಲ್ಲಿ ಬೇಕಿರುವುದು ಇದ್ದ ಗೋಡೆ ಉಳಿಯುವುದು. ಒಂದು ಕಾಯಿಲೆಯ ಅನುಮತಿ ಇನ್ನೊಂದಕ್ಕೆ ವರ್ಗವಾಗುವುದಿಲ್ಲ.

"ನಿಮ್ಮದೇ ಕೊಬ್ಬಿನ ಕೋಶ, ಅಪಾಯ ಏನೂ ಇಲ್ಲ" ಅನ್ನುವ ಮಾತೂ ಕೇಳಿಬರುತ್ತದೆ. ಅಮೆರಿಕದ ಫ್ಲೋರಿಡಾದ ಒಂದು ಕ್ಲಿನಿಕ್ಕಿನಲ್ಲಿ ಮೂವರು ಮಹಿಳೆಯರಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿದ್ದರು. ಮೂವರ ದೃಷ್ಟಿಗೂ ಭಾರಿ ಹಾನಿಯಾಯಿತು. 2017ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಯಿತು.

ಯಾರಾದರೂ ಟ್ರಯಲ್ ಅಂತ ಕರೆದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಅದು ಭಾರತದ ಟ್ರಯಲ್‌ಗಳ ಸರ್ಕಾರಿ ಪಟ್ಟಿ, ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಕೋಶ ಎಲ್ಲಿಂದ ಬಂತು, ಏನಾದರೂ ಆದರೆ ಖರ್ಚು ಯಾರದು, ಊತದ ಅಳತೆಯನ್ನು ಯಾರು ಎಷ್ಟು ದಿನಕ್ಕೆ ನೋಡುತ್ತಾರೆ ಅಂತಲೂ ಕೇಳಿ. ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ.

ಅಲ್ಲಿಯವರೆಗೆ ಏನು ಮಾಡಬಹುದು?

ಬೀಡಿ ಸಿಗರೇಟು ಬಿಡುವುದು ಮೊದಲು. ಊತ ಬಂದ ಮೇಲೆ ಬಿಟ್ಟರೂ ಪ್ರಯೋಜನ ಇದೆ, ಸೇದುವವರಲ್ಲಿ ಅದು ಬೇಗ ಬೆಳೆಯುತ್ತದೆ, ಬೇಗ ಒಡೆಯುತ್ತದೆ. ಬಿ.ಪಿ. ಹತೋಟಿಯಲ್ಲಿರಲಿ. ಡಾಕ್ಟರು ಕೊಲೆಸ್ಟ್ರಾಲ್ ಮಾತ್ರೆ ಬರೆದರೆ ತಪ್ಪಿಸಬೇಡಿ, ಈ ಊತ ಇರುವವರಿಗೆ ಹಾರ್ಟ್ ಅಟ್ಯಾಕ್ ಅಪಾಯವೂ ಜಾಸ್ತಿ. ಕೆಮ್ಮಿಗೋ ಮೂತ್ರದ ಸೋಂಕಿಗೋ ಬೇರೆ ಡಾಕ್ಟರ ಹತ್ತಿರ ಹೋದಾಗ ಅನ್ಯೂರಿಸಂ ಇದೆ ಅಂತ ಮೊದಲೇ ಹೇಳಿ. ಸಿಪ್ರೊಫ್ಲಾಕ್ಸಸಿನ್, ಲೀವೊಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯೋಟಿಕ್‌ಗಳನ್ನು ಇಂಥವರಿಗೆ ಬೇರೆ ದಾರಿ ಇದ್ದಾಗ ಕೊಡಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಹಳೆಯ ಸ್ಕ್ಯಾನ್ ರಿಪೋರ್ಟುಗಳನ್ನು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ, ಹೋದ ಸಲದ ಅಳತೆ ಇಲ್ಲದಿದ್ದರೆ ಈ ಸಲದ ಅಳತೆಯಿಂದ ಬೆಳವಣಿಗೆ ಗೊತ್ತಾಗುವುದಿಲ್ಲ.

ಊತ ಇದೆ ಅಂತ ಗೊತ್ತಿರುವವರಿಗೆ ಹೊಟ್ಟೆಯಲ್ಲೋ ಬೆನ್ನಲ್ಲೋ ಪಕ್ಕೆಯಲ್ಲೋ ಹಠಾತ್ತನೆ ಜೋರು ನೋವು ಬಂದರೆ, ತಲೆ ಸುತ್ತಿ ಬೆವರಿದರೆ, ಅದನ್ನು ಗ್ಯಾಸ್ ಅಂತಲೋ ಸೊಂಟ ಹಿಡಿದಿದೆ ಅಂತಲೋ ಬಿಟ್ಟುಬಿಡಬೇಡಿ. ಒಡೆದವರಲ್ಲಿ ಬಹುಪಾಲು ಜನ ಉಳಿಯುವುದಿಲ್ಲ, ಎಷ್ಟೋ ಜನ ಆಸ್ಪತ್ರೆಯನ್ನೇ ಮುಟ್ಟುವುದಿಲ್ಲ. 108ಕ್ಕೆ ಫೋನ್ ಮಾಡಿ, ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ "ಅಯೋರ್ಟಿಕ್ ಅನ್ಯೂರಿಸಂ ಇದೆ" ಅಂತ ಹೇಳಿ.